ಕುರಿ ಹಿಂದ ತಕಲಿ, ಹಡಗಿನಾಗ ಸೂಜಿ

ಭಾಗ 1/8

ಮೊದಲನೇ ಫೋಟೊ ನೋಡ್ರಿ. ಯಾವಗಲ್‌ನಿಂದ ನರಗುಂದದ ಕಡೆ ಹೋಗುವ ರಸ್ತೆ, ಎರಡೂ ಬದಿ ಎರಿ ಹೊಲ. ಕುರಿ ಹಿಂಡು ಮುಂದ, ಕುರಿಗಾರ ಹಿಂದ. ಹೆಗಲ ಮ್ಯಾಲೆ ಕಂಬಳಿ, ಕೈಯಾಗ ತಕಲಿ. ನಡೀತಾ ನಡೀತಾನೇ ಉಣ್ಣೆ ನೂಲ್ತಾನೆ. ನೋಡೋರಿಗೆ ಸುಮ್ನೆ ಹೊತ್ತು ಕಳೀತಾನೆ ಅನಸ್ತದ. ಆದರೆ ದಾರಿಯ ಹೊತ್ತನ್ನು ಅವನು ಕಳೆಯುತ್ತಿಲ್ಲ, ನೂಲಾಗಿ ಸುತ್ತಿಕೊಳ್ಳುತ್ತಿದ್ದಾನೆ.

ಈ ಸರಣಿ ಮಾತ್ರ ಹಡಗಿನ ಮೇಲೆ ದುಡಿದವರದು. ‘ಯಾವಗಲ್‌ಗೂ ಸಮುದ್ರಕ್ಕೂ ಏನ್ರೀ ಸಂಬಂಧ?’ ಅಂತ ಕೇಳ್ತೀರಿ. ನಮ್ಮ ಬೆಣ್ಣೆಹಳ್ಳದ ನೀರು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕಡೀಕ ಬಂಗಾಳ ಕೊಲ್ಲಿಗೆ ಹೋಗ್ತದ. ನಮ್ಮ ಪಕ್ಕದ ಬಾದಾಮಿಯಿಂದ ಆಳಿದ ಇಮ್ಮಡಿ ಪುಲಕೇಶಿ ನೂರಾರು ನೌಕೆಗಳಿಂದ ಪುರಿ ಅನ್ನುವ ಪಟ್ಟಣವನ್ನು ಮುತ್ತಿದ ಅಂತ ಕ್ರಿ.ಶ. 634ರ ಐಹೊಳೆ ಶಾಸನ ಹೇಳುತ್ತದೆ. ಅಂದ್ರ ಸಮುದ್ರ ನಮಗ ಅಷ್ಟೇನೂ ದೂರ ಇಲ್ಲ.

ನನ್ನ ಪ್ರಶ್ನೆ ಒಂದೇ. ಮನೆ ಬಿಟ್ಟು ದುಡಿಯಲು ಹೋದ ಮನುಷ್ಯನಿಗೆ ದಾರಿಯಲ್ಲಿ ಸಿಗುವ ಹೊತ್ತು ಯಾರದು?

ಭಾಗ 2/8

ಕನ್ನಡದಾಗ ಒಂದು ಚಂದದ ಮಾತೈತಿ: ಹೆಣೆ. ಸ್ವೆಟರ್ ಹೆಣೀತೀವಿ, ಬಲೆ ಹೆಣೀತೀವಿ, ಬುಟ್ಟಿ ಹೆಣೀತೀವಿ, ಜಡಿ ಹೆಣೀತೀವಿ, ಕಥಿನೂ ಹೆಣೀತೀವಿ. ಇವುಗಳಲ್ಲಿ ಗಂಡಸಿನದು ಯಾವುದು, ಹೆಂಗಸಿನದು ಯಾವುದು ಅಂತ ಭಾಷೆ ಕೇಳೋದಿಲ್ಲ. ಕೇಳೋದು ನಾವು. ಕಾರವಾರದಿಂದ ಮಂಗಳೂರಿನವರೆಗೆ ಮೀನುಗಾರ ಗಂಡಸರು ಸೂಜಿ ಹಿಡಿದು ಬಲೆ ಹೆಣೆದರೆ ಯಾರೂ ನಗೋದಿಲ್ಲ. ಅದೇ ಕೈ ಉಣ್ಣೆಯ ದಾರ ಹಿಡಿದರೆ ನಗ್ತಾರೆ.

ಇತಿಹಾಸ ನೋಡಿದರೆ ನಗೋ ಹಂಗಿಲ್ಲ. ಕಡ್ಡಿಯಿಂದ ಹೆಣೆದ ಅತಿ ಹಳೆಯ ವಸ್ತುಗಳಲ್ಲಿ ಈಜಿಪ್ಟ್‌ನಲ್ಲಿ ಸಿಕ್ಕ ಕಾಲುಚೀಲಗಳು ಸೇರಿವೆ. ಬಿಳಿ ಹತ್ತಿ, ನೀಲಿ ಬಣ್ಣದ ಹತ್ತಿ, ಸುಮಾರು ಸಾವಿರ ವರ್ಷದ ಹಿಂದಿನ ಕೆಲಸ. ಮುಂದೆ ಯುರೋಪಿನ ಊರುಗಳಲ್ಲಿ ಹೆಣಿಗೆ ಗಂಡಸರ ಕಸುಬಾಗಿ ಸಂಘ ಕಟ್ಟಿಕೊಂಡಿತು. ಹುಡುಗರು ವರ್ಷಗಟ್ಟಲೆ ಶಾಗಿರ್ದಿ ಮಾಡಿ ಕಲಿಯಬೇಕಿತ್ತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಕಸುಬು ಮೆಲ್ಲಗೆ ಯಂತ್ರದ ಪಾಲಾಯಿತು, ಕೈಹೆಣಿಗೆ ಮನೆಯೊಳಗೆ ಉಳಿಯಿತು. ಮನೆಯೊಳಗಿದ್ದದ್ದು ಹೆಂಗಸರದು ಅಂತ ಆಮೇಲೆ ಎಲ್ಲರೂ ನಂಬಿದರು.

ಹೊರಗೆ ಉಳಿದವರು ಇಬ್ಬರು. ಒಬ್ಬ ಕುರಿಗಾರ, ಇನ್ನೊಬ್ಬ ನಾವಿಕ. ಇಬ್ಬರ ಕೆಲಸವೂ ದಾರಿಯೇ.

ಭಾಗ 3/8

ಸ್ವೈಪ್ ಮಾಡ್ರಿ, ಹಾಯಿಹಡಗಿನ ಚಿತ್ರ ಐತಿ.

ಬ್ರಿಟಿಷ್ ನೌಕಾಪಡೆಯ ಸಾಮಾನ್ಯ ನಾವಿಕನಿಗೆ 1857ರವರೆಗೆ ಸಮವಸ್ತ್ರವೇ ಇರಲಿಲ್ಲ. ಅಂಗಿ ಬೇಕಂದ್ರೆ ಹಡಗಿನ ಉಗ್ರಾಣದಾಗ ಕೊಳ್ಳಬೇಕು, ಅದರ ದುಡ್ಡು ಪಗಾರದಾಗ ಮುರಕೋತಿದ್ರು. ಹೀಗಾಗಿ ಪ್ರತಿಯೊಬ್ಬನ ಹತ್ತಿರ ಸೂಜಿ, ದಾರ, ಗುಂಡಿ ಇರುವ ಪುಟ್ಟ ಚೀಲ ಇರುತ್ತಿತ್ತು. ಹರಿದದ್ದನ್ನು ಹೊಲಿಯುವವನು ಅವನೇ, ಹೊಸದನ್ನು ಕತ್ತರಿಸಿ ಮಾಡುವವನೂ ಅವನೇ. ವಾರದಲ್ಲಿ ಅರ್ಧ ದಿನ ಇದಕ್ಕೇ ಅಂತ ಬಿಡುವು. ಅದಕ್ಕೆ ‘ಮೇಕ್ ಅಂಡ್ ಮೆಂಡ್’ ಅಂತ ಹೆಸರು. ಇವತ್ತಿಗೂ ಆ ನೌಕಾಪಡೆಯಲ್ಲಿ ಅರ್ಧ ದಿನದ ರಜೆಗೆ ಅದೇ ಹೆಸರು. ಕೆಲಸ ಹೋಯಿತು, ಹೆಸರು ಉಳೀತು.

ಹಾಯಿ ಹೊಲಿದು, ಹಗ್ಗ ಹೆಣೆದು ಪಳಗಿದ ಕೈ ಬಿಡುವಿನಲ್ಲೂ ಸುಮ್ಮನೆ ಕೂರಲಿಲ್ಲ. 19ನೇ ಶತಮಾನದಲ್ಲಿ ನಾವಿಕರು ಬಟ್ಟೆಯ ಮೇಲೆ ಬಣ್ಣದ ಉಣ್ಣೆಯಿಂದ ತಮ್ಮದೇ ಹಡಗಿನ ಚಿತ್ರ ತುಂಬಿದರು, ನಮ್ಮ ಕಸೂತಿ ಇದ್ದಂಗ. ಇವಕ್ಕೆ ‘ವೂಲಿ’ ಅಂತಾರೆ, ಬ್ರಿಟನ್ನಿನ ಮ್ಯೂಸಿಯಂಗಳಲ್ಲಿ ಇವತ್ತೂ ಇವೆ. ಹತ್ತಿರದಿಂದ ನೋಡಿದರೆ ಒಂದು ವಿಷಯ ತಿಳೀತದ: ಅಲೆ, ಆಕಾಶ ಹೇಗೋ ಬಂದಿರ್ತಾವೆ, ಆದರೆ ಯಾವ ಹಗ್ಗ ಎಲ್ಲಿಂದ ಎಲ್ಲಿಗೆ ಹೋಗ್ತದ ಅನ್ನೋದು ಬಹಳ ಸಲ ಕರಾರುವಾಕ್ಕು. ಆ ಹಗ್ಗ ಎಳೆದವನೇ ಹೊಲಿದದ್ದು ಅದು.

ಭಾಗ 4/8

ಈಗ ಸ್ವೆಟರ್. ಬ್ರಿಟನ್ನಿನ ಕರಾವಳಿಯ ಮೀನುಗಾರರು ಹಾಕ್ತಿದ್ದ ಬಿಗಿ ಹೆಣಿಗೆಯ ಉಣ್ಣೆ ಅಂಗಿಗೆ ‘ಗ್ಯಾನ್ಸಿ’ ಅಂತ ಹೆಸರು. ಐದೆಳೆಯ ನೂಲು, ಸಣ್ಣ ಉಕ್ಕಿನ ಕಡ್ಡಿಗಳು, ಗಾಳಿಯನ್ನೂ ತುಂತುರನ್ನೂ ತಡೆಯುವಷ್ಟು ಒತ್ತಾದ ಹೆಣಿಗೆ. ಹೆಣೆದವರು ಹೆಚ್ಚಾಗಿ ಹೆಂಗಸರು. ಮೀನಿನ ಹಿಂದೆ ಬಂದರಿನಿಂದ ಬಂದರಿಗೆ ಹೋಗುತ್ತಿದ್ದ ಕೂಲಿ ಹುಡುಗಿಯರು ಸೊಂಟದ ಪಟ್ಟಿಗೆ ಒಂದು ಕಡ್ಡಿ ಸಿಗಿಸಿಕೊಂಡು ನಡೆಯುತ್ತಲೇ ಹೆಣೀತಿದ್ರು.

ಅದರ ತೋಳು ನೋಡ್ರಿ. ಭುಜದಿಂದ ಶುರುಮಾಡಿ ಮುಂಗೈ ಕಡೆಗೆ ಹೆಣೆದದ್ದು. ಯಾಕೆ? ಹಗ್ಗ ಎಳೆದು ಮೊದಲು ಸವೆಯುವುದು ಮುಂಗೈ. ಸವೆದಷ್ಟನ್ನು ಬಿಚ್ಚಿ ಮತ್ತೆ ಹೆಣೆದರೆ ಅಂಗಿ ಹೊಸದಾಯಿತು. ರಿಪೇರಿಯನ್ನು ಮೊದಲೇ ಲೆಕ್ಕ ಹಾಕಿ ಮಾಡಿದ ಬಟ್ಟೆ ಅದು!

ಮುಳುಗಿ ಸತ್ತವರ ಗುರುತು ಹಿಡಿಯಲೆಂದೇ ಊರಿಗೊಂದು ವಿನ್ಯಾಸ ಇತ್ತು ಅನ್ನುವ ಕಥೆ ಬಹಳ ಓಡಾಡ್ತದ. ಅದಕ್ಕೆ ಗಟ್ಟಿ ಆಧಾರ ಇಲ್ಲ. 1904ರಲ್ಲಿ ಆಡಿದ ಜೆ. ಎಂ. ಸಿಂಜ್ ಅವರ ‘ರೈಡರ್ಸ್ ಟು ದ ಸೀ’ ನಾಟಕದಲ್ಲಿ ತಂಗಿಯೊಬ್ಬಳು ತಾನೇ ಹೆಣೆದ ಕಾಲುಚೀಲದ ಹೊಲಿಗೆ ಎಣಿಸಿ ಸತ್ತವನು ಅಣ್ಣನೇ ಅಂತ ಗುರುತಿಸ್ತಾಳೆ. ನಾಟಕದ ಆ ಗಳಿಗೆ ಜನರ ಮನಸ್ಸಿನಲ್ಲಿ ಇತಿಹಾಸ ಆಗಿಬಿಡ್ತು.

ಭಾಗ 5/8

ಇದು ನನಗೆ ಬಾಳ ಇಷ್ಟದ ಚಿತ್ರ. ಫ್ರಾನ್ಸಿನ ಲಾಂಡ್ ಸೀಮೆ, ಮರಗಾಲಿನ ಮೇಲೆ ನಿಂತ ಕುರಿಗಾರ, ಕೈಯಲ್ಲಿ ಹೆಣಿಗೆ. ಅದು ಜೌಗು ನೆಲ. ಕಾಲು ಹೂಳಬಾರದು, ದೂರದ ಕುರಿಯೂ ಕಾಣಬೇಕು. ಅದಕ್ಕೆ ಮರಗಾಲು. ಹಿಂದೆ ಒಂದು ಕೋಲು ಆನಿಸಿ, ಅದರ ಮೇಲೆ ಒರಗಿ ಕಾಲುಚೀಲ ಹೆಣೆಯುತ್ತಿದ್ದರು. ಪೆರು ದೇಶದ ಟಿಟಿಕಾಕಾ ಸರೋವರದಲ್ಲಿ ಟಕೀಲೆ ಅನ್ನೋ ದ್ವೀಪ ಐತಿ. ಅಲ್ಲಿ ಟೊಪ್ಪಿಗೆ ಹೆಣೆಯುವವರು ಇವತ್ತಿಗೂ ಗಂಡಸರು. ಯುನೆಸ್ಕೊ 2005ರಲ್ಲಿ ಅದನ್ನು ಜಗತ್ತಿನ ಪರಂಪರೆಯ ಕಲೆ ಅಂತ ಸಾರಿತು.

ಲಾಂಡ್‌ನ ಕುರಿಗಾರನನ್ನು ನಮ್ಮ ಎರಿ ಹೊಲದಾಗ ನಿಲ್ಲಿಸಿದರೆ ಭಾಷೆ ಬರಲಿಕ್ಕಿಲ್ಲ, ಕೆಲಸ ತಿಳೀತದ. ಉಣ್ಣೆ ಕತ್ತರಿಸೋದು, ನೂಲೋದು, ಹುಣಸೆ ಬೀಜದ ಗಂಜಿ ಹಚ್ಚಿ ಮಗ್ಗಕ್ಕೆ ಏರಿಸೋದು. ಆಮೇಲೆ ಮಳೆಗೂ ಅದೇ ಕಂಬಳಿ, ಚಳಿಗೂ ಅದೇ, ಹಾಸಿಗೆಗೂ ಅದೇ.

ಭಾಗ 6/8

ನಮ್ಮ ಸೀಮೆ ಸಮುದ್ರಕ್ಕೆ ಉಣ್ಣೆಗಿಂತ ಹೆಚ್ಚಾಗಿ ಕಳಿಸಿದ್ದು ಹತ್ತಿ. 1840ರ ದಶಕದಲ್ಲಿ ಧಾರವಾಡ ಜಿಲ್ಲೆಗೆ ಅಮೆರಿಕದ ಹತ್ತಿ ಬೀಜ ಬಂತು. ಆಗ ನಮ್ಮ ರೋಣವೂ ಅದೇ ಜಿಲ್ಲೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರ್ ನಮ್ಮ ಕಡೆ ತಿರುಗಿತು. ಧಾರವಾಡ ಹತ್ತಿ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಹೆಸರು ಹಿಡಿದು ಮಾರಾಟವಾಯಿತು. ಹತ್ತಿ ಸಾಗಿಸಲು ಕಾರವಾರ ಬಂದರು ಬೇಕು ಅಂತ ಒತ್ತಡ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1884ರಲ್ಲಿ ಗದಗ–ಹೊಟಗಿ ರೈಲು ಬಂತು, ನಮ್ಮ ಮಲ್ಲಾಪುರ, ಹೊಳೆಆಲೂರು ಮೇಲಿಂದ.

ಹಿಂಗ ನಮ್ಮ ಹತ್ತಿ ಹಡಗು ಹತ್ತಿತು. ಆ ಕಾಲದ ಹಡಗುಗಳಲ್ಲಿ ದುಡಿದವರು ಯಾರು?

ಭಾಗ 7/8

ಅವರಿಗೆ ಲಸ್ಕರರು ಅಂತಿದ್ರು. ಸಿಲ್ಹೆಟ್, ರತ್ನಾಗಿರಿ, ಗೋವಾ, ಗುಜರಾತ್ ಕಡೆಯ ಜನ. ಅವರ ಮುಖ್ಯಸ್ಥ ಸಾರಂಗ, ಅವನ ಕೆಳಗೆ ಟಿಂಡಾಲ. ಕಾರವಾರದ ಕಡೆ ತಾಂಡೇಲ ಅನ್ನುವ ಅಡ್ಡಹೆಸರು ಕೇಳಿದ್ದೀರಲ್ಲ, ಆ ಮಾತಿನ ಸೋದರ ಅದು.

ಇವರ ಪ್ರಯಾಣ ಹಡಗಿನಲ್ಲಿ ಅಲ್ಲ, ಊರಿನಲ್ಲೇ ಶುರು. ಪೆಟ್ಟಿಗೆ ಹೊತ್ತು ಮುಂಬಯಿಗೆ ಬಂದು ಹಡಗಿಗೆ ಕಾಯಬೇಕು. ಗೋವಾದವರು ಇದಕ್ಕಾಗಿಯೇ ಧೋಬಿ ತಲಾವ್ ಸುತ್ತ ‘ಕೂಡ್’ ಕಟ್ಟಿಕೊಂಡರು. ಒಂದೊಂದು ಹಳ್ಳಿಗೂ ಒಂದೊಂದು ಕೋಣೆ, ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಕಾಯುವ ಆ ವಾರಗಳಿಗೆ ಪಗಾರ ಇಲ್ಲ. ಮ್ಯಾಲೆ ದಲ್ಲಾಳಿಗೆ ಲಂಚ.

ಹಡಗು ಹತ್ತಿದ ಮೇಲಿನ ಲೆಕ್ಕ ಕೇಳ್ರಿ. 1894ರ ಬ್ರಿಟಿಷ್ ಕಾನೂನಿನ ಪ್ರಕಾರ ಬಿಳಿಯ ನಾವಿಕನಿಗೆ ಮಲಗಲು, ಇರಲು 72 ಘನ ಅಡಿ ಜಾಗ. ಲಸ್ಕರನಿಗೆ 36. ಅಂದ್ರ ಆರಡಿ ಉದ್ದ, ಮೂರಡಿ ಅಗಲ, ಎರಡಡಿ ಎತ್ತರ. ಅಷ್ಟು ಅಳತೆಯ ಜಾಗ ಮನುಷ್ಯನಿಗೆ ಯಾವಾಗ ಕೊಡ್ತಾರೆ ಅಂತ ನಿಮಗ ಹೇಳಬೇಕಾಗಿಲ್ಲ. 1906ರಲ್ಲಿ ಬಿಳಿಯರದ್ದು 120ಕ್ಕೆ ಏರಿತು, ಇವರದ್ದು 36ರಲ್ಲೇ ಉಳೀತು. ಪಗಾರವೂ ಅವರ ಮೂರನೇ ಒಂದು ಭಾಗ, ಎಷ್ಟೋ ಸಲ ಐದನೇ ಒಂದು ಭಾಗ.

ಇನ್ನು ಚಳಿ. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಚಳಿಗಾಲದಲ್ಲಿ ಬೀದಿಪಾಲಾಗಿ ಸತ್ತ ಲಸ್ಕರರ ಸಂಗತಿ ಅಲ್ಲಿನ ಸಂಸತ್ತಿಗೂ ಮುಟ್ಟಿತು. ಅವರಿಗಾಗಿ ಒಂದು ಆಶ್ರಯಧಾಮ ಲೈಮ್‌ಹೌಸ್‌ನಲ್ಲಿ ತೆರೆದದ್ದು 1857ರಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳ ನಾವಿಕರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಭಾರತೀಯ. ಆ ಯುದ್ಧದಲ್ಲಿ 6,000ಕ್ಕೂ ಹೆಚ್ಚು ಮಂದಿ ಸತ್ತರು, ಎಷ್ಟೋ ಜನ ಅಟ್ಲಾಂಟಿಕ್‌ನ ತಣ್ಣೀರಿನಲ್ಲಿ.

ಗ್ಯಾನ್ಸಿ, ಕಂಬಳಿ ಅಂದ್ರ ಏನು ಅಂತ ಈಗ ಅರ್ಥ ಆಯ್ತಲ್ರಿ? ಮನುಷ್ಯನಿಗೂ ಸಾವಿಗೂ ನಡುವೆ ಇರುವ ಅರ್ಧ ಬೆರಳು ದಪ್ಪದ ಉಣ್ಣೆ ಅದು. ಕೂಲಿ ಕೊಟ್ಟವನು ಅದನ್ನು ಕೊಡದಿದ್ದಾಗ ಮನೆಯವರು ಕೊಡಬೇಕು, ಇಲ್ಲಾ ತಾನೇ ಮಾಡಿಕೊಳ್ಳಬೇಕು.

ಭಾಗ 8/8

ಇವತ್ತು? ಹಡಗಿನ ಒಪ್ಪಂದಕ್ಕೆ ಈಗ ಅಂತಾರಾಷ್ಟ್ರೀಯ ನಿಯಮ ಐತಿ. 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಒಪ್ಪಿತು. ಒಂದೇ ಸಮನೆ 11 ತಿಂಗಳ ಮೇಲೆ ಯಾರನ್ನೂ ಹಡಗಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಬಟ್ಟೆ, ಬೂಟು ಕಂಪನಿಯದೇ. ಆದರೆ 2020ರಲ್ಲಿ ಕೊರೊನಾ ಬಂದಾಗ ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದರೂ ಹಡಗಿನಲ್ಲೇ ಸಿಕ್ಕಿಹಾಕಿಕೊಂಡರು. ಇನ್ನೂ ಅಷ್ಟೇ ಜನ ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕಾದರು. ಕಾಯುವ ಹೊತ್ತು ಇನ್ನೂ ನಾವಿಕನ ತಲೆ ಮೇಲೇ ಐತಿ.

ಅದಕ್ಕೇ ಇವತ್ತೂ ಹಡಗು ಸೇರಲು ಹೊರಟ ಕೆಲವರ ಚೀಲದಲ್ಲಿ ಉಣ್ಣೆ ಉಂಡೆ, ಎರಡು ಕಡ್ಡಿ ಇರ್ತಾವೆ. ಏರ್‌ಪೋರ್ಟಿನ ಬೆಂಚಿನ ಮೇಲೆ, ಬಂದರಿಗೆ ಹೋಗುವ ವ್ಯಾನಿನಲ್ಲಿ, ಪಾಳಿ ಮುಗಿದ ಮೇಲೆ ಕ್ಯಾಬಿನ್ನಿನಲ್ಲಿ ಹೆಣೀತಾರೆ. ನೆಟ್‌ವರ್ಕ್ ಬೇಡ, ಕರೆಂಟ್ ಬೇಡ. ಕರೆ ಬಂದರೆ ಅರ್ಧಕ್ಕೆ ಬಿಟ್ಟು ಏಳಬಹುದು, ಮರುದಿನ ಅದೇ ಸಾಲಿನಿಂದ ಹಿಡಿಯಬಹುದು. ಮೊಬೈಲ್ ನೋಡಿದರೆ ಹೊತ್ತು ಹೋಗ್ತದ. ಹೆಣೆದರೆ ಹೊತ್ತು ಉಳೀತದ, ಮೊಳ ಹಾಕಿ ಅಳೆಯಬಹುದು.

ನನ್ನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು: ದಾರಿಯ ಹೊತ್ತು ಮಾಲೀಕನದ್ದಲ್ಲ, ಮನೆಯದ್ದೂ ಅಲ್ಲ. ಯಾರದೂ ಅಲ್ಲದ ಆ ಹೊತ್ತನ್ನು ತನ್ನದು ಮಾಡಿಕೊಳ್ಳಲು ಬಡವನ ಹತ್ತಿರ ಇದ್ದದ್ದು ಹತ್ತು ಬೆರಳು. ಅದನ್ನು ‘ಹೆಂಗಸರ ಕೆಲಸ’ ಅಂತ ನಕ್ಕು, ಈ ಕಡೆ ಹೆಂಗಸರ ದುಡಿಮೆಯನ್ನೂ ಆ ಕಡೆ ಗಂಡಸರ ಕೈಯನ್ನೂ ಲೆಕ್ಕದಿಂದ ತೆಗೆದುಬಿಟ್ಟೆವು.

ನಮ್ಮ ಸೀಮೆಯಲ್ಲಿ ಕರಿ ಉಣ್ಣೆಯ ದಖ್ಖನಿ ಕುರಿ ಕಡಿಮೆಯಾಗಿ, ಮಾಂಸಕ್ಕೆ ಸಾಕುವ ಯಳಗ ಕುರಿ ಹೆಚ್ಚಾಗ್ಯಾವ. ಉಣ್ಣೆಗೆ ಬೆಲೆ ಇಲ್ಲ. ಮನ್ಯಾಗ ತಕಲಿ ಇದ್ದರ ಅಟ್ಟದ ಮ್ಯಾಲೆ ಒಗೀಬ್ಯಾಡ್ರಿ, ಹಿರಿಯರ ಕೈಗೆ ಕೊಟ್ಟು ಒಂದು ವಿಡಿಯೊ ಮಾಡಿ ಇಟ್ಕೋರಿ. ಮನೆತನದಾಗ ಯಾರಾದರೂ ಹಡಗಿನ ಮ್ಯಾಲೆ ದುಡದಿದ್ದರ ಅವರ ಪೆಟಗಿ ತೆಗೆದು ನೋಡ್ರಿ. ತಳದಾಗ ಸೂಜಿ-ದಾರ ಸಿಕ್ಕರೂ ಸಿಗಬಹುದು.

#ಯಾವಗಲ್ #ರೋಣ #ನರಗುಂದ #ಕಂಬಳಿ #ಲಸ್ಕರರು #ಹೆಣಿಗೆ #ನಮ್ಮಇತಿಹಾಸ