ಮೆಡಿಕಲ್ ಶಾಪಿನ ಯಜಮಾನ ಯಾರು?

ಐದು ವರ್ಷ ನಾನು ಬಿಪಿ ಮಾತ್ರೆ ತಗೊಳ್ತಿದ್ದ ಫಾರ್ಮಸಿ ಬಾಗಿಲು ಹಾಕ್ತು. ನೈಟ್ ಶಿಫ್ಟ್ ಮುಗಿಸಿ ಬಸ್ಸಿಳಿದರೆ ಎದುರಿಗೇ ಇತ್ತು. ಈಗ ಇನ್ನೊಂದು ಬಸ್ ಹತ್ತಬೇಕು. ಮುಚ್ಚಿದ್ದು ಯಾರು ಅಂತ ವಿಚಾರಿಸಲು ಹೋಗಿ ಬ್ರಿಟನ್ನಿನ ಒಂದು ಹಳೇ ಕಥೆ ಸಿಕ್ಕಿತು.

1868ರ ಕಾಯ್ದೆ ಪ್ರಕಾರ, ವಿಷದ ಪಟ್ಟಿಯಲ್ಲಿದ್ದ ಔಷಧಿಗಳನ್ನು ನೋಂದಾಯಿತ ವ್ಯಕ್ತಿ ಮಾತ್ರ ಮಾರಬೇಕಿತ್ತು. ಕಂಪನಿಯೊಂದು ಮಾರಿದಾಗ ಔಷಧಿಕಾರರ ಸಂಘ ಕೋರ್ಟಿಗೆ ಹೋಯಿತು. 1880ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು: ಕಾಯ್ದೆಯ ‘ವ್ಯಕ್ತಿ’ ಎಂಬ ಮಾತಿನಲ್ಲಿ ಕಂಪನಿ ಸೇರುವುದಿಲ್ಲ. ವ್ಯಕ್ತಿಯೇ ಅಲ್ಲದ ಮೇಲೆ ನಿರ್ಬಂಧ ಎಲ್ಲಿಂದ ಬಂತು! ನಾಟಿಂಗ್‌ಹ್ಯಾಮಿನಲ್ಲಿ ಅಪ್ಪನ ಗಿಡಮೂಲಿಕೆ ಅಂಗಡಿ ಬೆಳೆಸಿದ್ದ ಜೆಸ್ಸಿ ಬೂಟ್ ಆಮೇಲೆ ಕಂಪನಿ ಕಟ್ಟಿದ. ಓದಿದ ಔಷಧಿಕಾರರನ್ನು ಸಂಬಳಕ್ಕಿಟ್ಟುಕೊಂಡು ಅಗ್ಗಕ್ಕೆ ಮಾರಿದ. ಮೊದಲ ಮಹಾಯುದ್ಧದ ಹೊತ್ತಿಗೆ ‘ಬೂಟ್ಸ್’ ಅಂಗಡಿಗಳು 500 ದಾಟಿದ್ದವು. ಬಡವರಿಗೆ ಇದರಿಂದ ಅನುಕೂಲವೇ ಆಯಿತು, ಒಪ್ಪಬೇಕು. 1908ರ ಕಾಯ್ದೆಯೂ ಕಂಪನಿಗಳನ್ನು ತಡೆಯಲಿಲ್ಲ. ಔಷಧಿಕಾರನ ಮೇಲ್ವಿಚಾರಣೆ ಇರಲಿ ಅಂದಿತು, ಅಷ್ಟೇ.

1948ರಲ್ಲಿ ಎನ್‌ಎಚ್‌ಎಸ್ ಬಂದಾಗ ಆಸ್ಪತ್ರೆಗಳು ಸರ್ಕಾರದ್ದಾದವು, ಫಾರ್ಮಸಿಗಳು ಆಗಲಿಲ್ಲ. ಚೀಟಿಗೆ ದುಡ್ಡು ಕೊಡೋದು ಸರ್ಕಾರ, ಅಂಗಡಿ ಮಾತ್ರ ಖಾಸಗಿ. ಹಾಗಾಗಿ ಅದನ್ನು ಮಾರಬಹುದು, ಕೊಳ್ಳಬಹುದು, ಮುಚ್ಚಲೂಬಹುದು. 2007ರಲ್ಲಿ ಬೂಟ್ಸ್‌ನ ಮಾಲೀಕ ಕಂಪನಿಯನ್ನು ಕೆಕೆಆರ್ ಎಂಬ ಹೂಡಿಕೆ ಸಂಸ್ಥೆ ಮತ್ತು ಸ್ಟೆಫಾನೊ ಪೆಸ್ಸಿನಾ ಸೇರಿ ಸುಮಾರು 1,100 ಕೋಟಿ ಪೌಂಡಿಗೆ ಕೊಂಡರು. ಮರುವರ್ಷ ಕೇಂದ್ರ ಕಚೇರಿ ಸ್ವಿಟ್ಜರ್ಲೆಂಡಿಗೆ ಹೋಯಿತು. ಆಮೇಲೆ ಅದು ಅಮೆರಿಕದ ವಾಲ್‌ಗ್ರೀನ್ಸ್ ಪಾಲಾಯಿತು. ಲಾಯ್ಡ್ಸ್ ಫಾರ್ಮಸಿಯನ್ನು 2022ರಲ್ಲಿ ಜರ್ಮನಿಯ ಔರೇಲಿಯಸ್ ಕೊಂಡಿತು. 2023ರ ಜನವರಿಯಲ್ಲೇ ಸೇನ್ಸ್‌ಬರೀಸ್ ಸೂಪರ್‌ಮಾರ್ಕೆಟ್ ಒಳಗಿನ 237 ಫಾರ್ಮಸಿಗಳಿಂದ ಹೊರಬೀಳುವುದಾಗಿ ಲಾಯ್ಡ್ಸ್ ಘೋಷಿಸಿತು. ಉಳಿದವೂ ಬೇರೆಯವರ ಕೈಗೆ ಹೋದವು.

ತಪ್ಪೆಲ್ಲ ಯಜಮಾನರದೇ ಅನ್ನಲಾರೆ. 2016ರ ಡಿಸೆಂಬರಿನಿಂದ ಇಂಗ್ಲೆಂಡಿನ ಫಾರ್ಮಸಿಗಳಿಗೆ ಕೊಡುವ ಹಣವನ್ನು ಸರ್ಕಾರವೇ ಕಡಿಮೆ ಮಾಡಿತು.

ಇಷ್ಟಾದ ಮೇಲೆ, 2024ರ ಜನವರಿ 31ರಂದು ‘ಫಾರ್ಮಸಿ ಫಸ್ಟ್’ ಬಂತು. ಗಂಟಲುನೋವು, ಸೈನಸ್, ಸರ್ಪಸುತ್ತು, ಹೆಂಗಸರ ಉರಿಮೂತ್ರ ಹೀಗೆ ಏಳು ತೊಂದರೆಗಳಿಗೆ ಜಿಪಿ ಬೇಡ, ಫಾರ್ಮಸಿಸ್ಟೇ ನೋಡಿ ಬೇಕಾದರೆ ಆಂಟಿಬಯೋಟಿಕ್ ಕೊಡ್ತಾರೆ. ಮಕ್ಕಳ ಕಿವಿನೋವಿಗೂ ಅಷ್ಟೇ. ಜಿಪಿ ಅಪಾಯಿಂಟ್‌ಮೆಂಟಿಗೆ ಬೆಳಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂರೋ ನಮ್ಮಂಥವರಿಗೆ ಇದು ನಿಜಕ್ಕೂ ಒಳ್ಳೆಯ ಯೋಜನೆ. ಬಳಸಿಕೊಳ್ಳಿ. ಆದರೆ ಯೋಜನೆ ನಿಂತಿರೋದು ಸರ್ಕಾರದ್ದಲ್ಲದ ಅಂಗಡಿಗಳ ಮೇಲೆ. ಎಲ್ಲಿ ಅಂಗಡಿ ಉಳಿಯಬೇಕು ಅಂತ ತೀರ್ಮಾನಿಸೋರು ಬೇರೆಯವರು. ನಮ್ಮ ಬಸ್‌ಸ್ಟಾಪಿನ ಎದುರಿನ ಶಟರ್ ಇನ್ನೂ ಎದ್ದಿಲ್ಲ.