ಕೃಷ್ಣೆಯ ದಡದಿಂದ ಕಡಲ ತೀರಕ್ಕೆ

ಶತಮಾನೋತ್ಸವದ ಈ ಸ್ಮರಣಸಂಚಿಕೆಗೆ ಧರ್ಮಕೇಂದ್ರದ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡಾಗ ನಾವು ಮೊದಲು ಹಳೆಯ ದಾಖಲೆಗಳನ್ನು ತೆರೆದು ಕುಳಿತೆವು. ಜ್ಞಾನಸ್ನಾನ, ವಿವಾಹ, ಮರಣ ಈ ಮೂರು ಪುಸ್ತಕಗಳಲ್ಲಿಯೂ ಹೆಸರುಗಳಿದ್ದವು. ಆ ಹೆಸರುಗಳ ಹಿಂದಿನ ದಾರಿ ಮಾತ್ರ ಇರಲಿಲ್ಲ. ಹುಣಸಗಿಯ ನೆಲಕ್ಕೆ ಪ್ರಾಚೀನತೆ ಹೊಸದಲ್ಲ. ಸಮೀಪದ ಇಸಾಂಪುರದಲ್ಲಿ ಡಾ. ಕೆ. ಪದ್ದಯ್ಯನವರು ಉತ್ಖನನ ಮಾಡಿದ ಶಿಲಾಯುಧಗಳ ನೆಲೆಯು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ವಿದ್ವಾಂಸರು ಹೇಳುತ್ತಾರೆ. ಅದರ ಮುಂದೆ ನಮ್ಮ ನೂರು ವರ್ಷ ಎಷ್ಟರದು! ಆದರೂ ಈ ಒಣನಾಡಿಗೆ ಕ್ರಿಸ್ತ ವಿಶ್ವಾಸವು ಬಂದುದು ಕಡಲ ಕಡೆಯಿಂದಲೇ ಎಂಬುದನ್ನು ನೆನೆದು, ಬಂದ ದಾರಿಯನ್ನು ಹಿಮ್ಮುಖವಾಗಿ ನೋಡಿಬರೋಣವೆಂದು ಮಳೆಗಾಲ ಕಳೆದ ಮೇಲೆ ನಾಲ್ವರು ಹಿರಿಯರೊಡನೆ ಜೀಪಿನಲ್ಲಿ ಹೊರಟೆವು.

ನಾರಾಯಣಪುರದ ಬಳಿ ಕೃಷ್ಣೆಯನ್ನು ದಾಟಿದೆವು. 1982ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಿನಲ್ಲಿ ಅಂಬಿಗರು ಹರಿಗೋಲಿನಲ್ಲಿ ಕುಳಿತು ಬಲೆ ಬೀಸುತ್ತಿದ್ದರು. ಅಲ್ಲಿಂದ ಲಿಂಗಸುಗೂರಿನ ಮೇಲೆ ಮುದಗಲ್ಲಿಗೆ ಬಂದೆವು. ಈ ಕೋಟೆಯೂರಿನ ಕಥೋಲಿಕ ಸಮುದಾಯದ ಮೂಲವು 16ನೆಯ ಶತಮಾನಕ್ಕೆ, ಬಿಜಾಪುರದ ಆದಿಲಶಾಹಿಗಳ ಕಾಲಕ್ಕೆ ಹೋಗುತ್ತದೆ. ಗೋವೆಯ ಕಡೆಯಿಂದ ಬಂದ ಗುರುಗಳಿಂದ ಅದು ಬೆಳೆಯಿತು. ಅದಕ್ಕೆ ಮುಸಲ್ಮಾನ ಸುಲ್ತಾನರ ದತ್ತಿಯೂ ದೊರೆಯಿತು. ನಮ್ಮ ನಾಡಿನ ಸೌಹಾರ್ದಕ್ಕೆ ಇದೊಂದು ಹಳೆಯ ಸಾಕ್ಷಿ.

ಹುಬ್ಬಳ್ಳಿ, ಯಲ್ಲಾಪುರಗಳನ್ನು ಹಾದು ಅರಬೈಲು ಘಟ್ಟವನ್ನಿಳಿದು ಅಂಕೋಲೆ ಸೇರಿದಾಗ ಸಂಜೆಯಾಗಿತ್ತು. ನಮ್ಮೊಡನಿದ್ದ ಇಬ್ಬರು ಹಿರಿಯರು ಹುಟ್ಟಿದ ಮೇಲೆ ಕಡಲನ್ನು ಕಂಡವರೇ ಅಲ್ಲ. ಅವರು ಚಪ್ಪಲಿ ಕಳಚಿ, ನೀರನ್ನು ಮುಟ್ಟಿ, ಶಿಲುಬೆಯ ಗುರುತು ಮಾಡಿಕೊಂಡರು.

ಮರುದಿನ ಬೇಲೇಕೇರಿಯ ದಡದಲ್ಲಿ ವೃದ್ಧ ಮೀನುಗಾರರೊಬ್ಬರು ರಂಪಣಿಯ ಕಾಲವನ್ನು ವಿವರಿಸಿದರು. ರಂಪಣಿಯೆಂದರೆ ದಡದಿಂದ ಎಳೆಯುವ ಮಹಾಬಲೆ. ದೋಣಿಯು ಅದನ್ನು ಅರ್ಧಚಂದ್ರಾಕಾರವಾಗಿ ನೀರಿಗೆ ಬಿಟ್ಟು ಬಂದರೆ, ಎರಡು ತುದಿಗಳ ಹಗ್ಗವನ್ನು ಹಿಡಿದು ಹತ್ತಾರು ಜನ ಒಟ್ಟಾಗಿ ಎಳೆಯಬೇಕು. ಬಂಗುಡೆಯ ರಾಶಿ ದಡಕ್ಕೆ ಬಂದಾಗ ಎಳೆದವರೆಲ್ಲರಿಗೂ ಪಾಲು. ಒಬ್ಬನಿಂದ ಆಗದ ಬಲೆ ಅದು. ಆದುದರಿಂದ ಒಬ್ಬನದೂ ಆಗಿರಲಿಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರಚಾಲಿತ ಪರ್ಸೀನ್ ದೋಣಿಗಳು ಬಂದು ಆಳದಲ್ಲಿಯೇ ಮೀನಿನ ಹಿಂಡನ್ನು ಸುತ್ತುಗಟ್ಟತೊಡಗಿದ ಮೇಲೆ, ಕೆಲವೇ ವರ್ಷಗಳಲ್ಲಿ ರಂಪಣಿಗಳು ಮೂಲೆ ಸೇರಿದವು. ಸಂತ ಪೇತ್ರರ ಬಲೆಯ ಪ್ರಸಂಗವನ್ನು ಎಷ್ಟೋ ಬಾರಿ ಬೋಧಿಸಿದ್ದ ನಾವು, ಬಲೆಯೆಂದರೆ ಕೂಡಿ ಎಳೆಯುವುದು ಎಂಬುದನ್ನು ಅಂದು ಕಲಿತೆವು.

ಅಲ್ಲಿಂದ ದಕ್ಷಿಣಕ್ಕೆ ಹೊನ್ನಾವರ, ಭಟ್ಕಳ, ಗಂಗೊಳ್ಳಿ. ಇಲ್ಲಿನ ಚರಿತ್ರೆಯನ್ನು ಬರೆಯುವಾಗ ಸತ್ಯವನ್ನು ಮುಚ್ಚಿಡಲಾಗದು. 1505ರಲ್ಲಿ ಪೋರ್ಚುಗೀಸರ ಅಲ್ಮೇಡನು ಹೊನ್ನಾವರಕ್ಕೆ ಬೆಂಕಿಯಿಟ್ಟನು. ಶಿಲುಬೆಯನ್ನು ಹೊತ್ತ ಹಡಗುಗಳೇ ಫಿರಂಗಿಗಳನ್ನೂ ಹೊತ್ತು ಬಂದವೆಂಬುದು ನಮಗೆ ನೋವಿನ ಸಂಗತಿ. ಆದರೆ ಈ ತೀರದಲ್ಲಿ ವಿಶ್ವಾಸವನ್ನು ಬೇರೂರಿಸಿದುದು ಫಿರಂಗಿಯಲ್ಲ. 1681ರಿಂದ 1684ರವರೆಗೆ ಕೆನರಾ ಪ್ರಾಂತದಲ್ಲಿ ಸೇವೆ ಸಲ್ಲಿಸಿದ ಗೋವೆಯ ಗುರು ಜೋಸೆಫ್ ವಾಜರು ಬರಿಗಾಲಿನಲ್ಲಿ ಊರೂರು ತಿರುಗಿದರು. ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ದೇವಾಲಯಗಳನ್ನೂ ಶಾಲೆಗಳನ್ನೂ ಕಟ್ಟಿಸಿದರು. ಬಳಿಕ ಅವರು 1687ರಲ್ಲಿ ಸಿಂಹಳಕ್ಕೆ ತೆರಳಿ 1711ರಲ್ಲಿ ಕ್ಯಾಂಡಿಯಲ್ಲಿ ನಿಧನರಾದರು. ಜಗದ್ಗುರು ಫ್ರಾನ್ಸಿಸ್ಸರು 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ನೂರು ವರ್ಷ ಕಳೆಯುವಷ್ಟರಲ್ಲಿ ಕಠಿಣ ಪರೀಕ್ಷೆ ಬಂದಿತು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅನೇಕ ದೇವಾಲಯಗಳು ನೆಲಸಮವಾದವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದವರು ಬಹಳ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ನಂತರ ಉಳಿದವರು ಮರಳಿ ಬಂದು, ಗೋಡೆಗಳಿಲ್ಲದ ಊರುಗಳಲ್ಲಿ ಮತ್ತೆ ಒಲೆ ಹಚ್ಚಿದರು, ಪೂಜಾಪೀಠವನ್ನೂ ನಿಲ್ಲಿಸಿದರು. ಹದಿನೈದು ವರ್ಷ ಅವರ ಬಳಿ ಉಳಿದುದು ಕಟ್ಟಡವಲ್ಲ, ಬಾಯಿಪಾಠದ ಪ್ರಾರ್ಥನೆ.

ಕಲ್ಯಾಣಪುರದ ಮಿಲಾಗ್ರಿಸ್ ದೇವಾಲಯದಲ್ಲಿ ನಾವು ಬಲಿಪೂಜೆ ಅರ್ಪಿಸಿದೆವು. 1678ರಲ್ಲಿ ಆರಂಭವಾದ ಈ ದೇವಾಲಯವು 2012ರಲ್ಲಿ ಉಡುಪಿ ಧರ್ಮಕ್ಷೇತ್ರ ರಚನೆಯಾದಾಗ ಪ್ರಧಾನಾಲಯವಾಯಿತು. ಅಲ್ಲಿಂದ ಮಲ್ಪೆಯ ಬಂದರಿಗೆ ಹೋದೆವು. ಜೂನ್, ಜುಲೈ ತಿಂಗಳ ಮೀನುಗಾರಿಕಾ ನಿಷೇಧ ಮುಗಿದು ಕೆಲವೇ ವಾರಗಳಾಗಿದ್ದವು. ಬಂದರಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಮಂಜುಗಡ್ಡೆ ಹೊರುವವರು, ಮೀನಿನ ಬುಟ್ಟಿ ಇಳಿಸುವವರು, ಹರಾಜು ಕೂಗುವವರು. ಆ ಗದ್ದಲದ ನಡುವೆ ಒಬ್ಬ ಯುವಕನು ಬುಟ್ಟಿಯನ್ನು ಇಳಿಸಿ ಓಡಿ ಬಂದು ನಮ್ಮ ಪಾದ ಮುಟ್ಟಿದನು.

"ಗುರುತು ಹತ್ತಲಿಲ್ಲೇನ್ರಿ ಫಾದರ್? ನೀವ ನನಗ ಮೊದಲ ಪರಮಪ್ರಸಾದ ಕೊಟ್ಟಾವ್ರು" ಎಂದನು.

ನಮಗೆ ನಿಜವಾಗಿಯೂ ಗುರುತು ಹತ್ತಲಿಲ್ಲ. ಅವನು ನಮ್ಮ ಊರಿನವನೇ. ಮಳೆ ಕೈಕೊಟ್ಟ ವರ್ಷ ಕೂಲಿಗೆಂದು ಬಂದವನು, ಈಗ ದೋಣಿಯ ಮೇಲೆಯೇ ದುಡಿಯುತ್ತಾನೆ. ಭಾನುವಾರದ ಪೂಜೆಗೆ ಹೋಗುತ್ತೀಯೇನಪ್ಪಾ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. "ಹತ್ತತ್ತು ದಿನ ನೀರಮ್ಯಾಲ ಇರ್ತೀವ್ರಿ ಕಾಕಾ, ಐತವಾರ ಯಾವ್ದು ಅಂತ ತಿಳಿಯಂಗಿಲ್ಲ. ರಾತ್ರಿ ಜಪಸರ ಹೇಳ್ಕೋತೀನಿ" ಎಂದು ತಲೆ ತಗ್ಗಿಸಿದನು. ತಲೆ ತಗ್ಗಿಸಬೇಕಾದವರು ನಾವು. ಅವನ ಜ್ಞಾನಸ್ನಾನದ ದಿನ ನಮ್ಮ ಪುಸ್ತಕದಲ್ಲಿದೆ. ಅವನು ಊರು ಬಿಟ್ಟ ದಿನ ಎಲ್ಲಿಯೂ ಇಲ್ಲ.

ಅಂದು ವಿಶ್ವಾಸವು ಕಡಲಿನಿಂದ ನಮ್ಮ ಬಯಲಿಗೆ ಬಂದಿತು. ಇಂದು ನಮ್ಮ ಮಕ್ಕಳು ಹೊಟ್ಟೆಪಾಡಿಗಾಗಿ ಅದೇ ದಾರಿಯಲ್ಲಿ ಕಡಲಿಗೆ ಹೋಗುತ್ತಿದ್ದಾರೆ. ಮಲ್ಪೆ, ಮಂಗಳೂರು, ಗೋವೆಗಳಿಗೂ, ಬೆಂಗಳೂರು, ಪುಣೆಗಳಿಗೂ. ಶತಮಾನದ ಚರಿತ್ರೆಯಲ್ಲಿ ಗಂಟೆಗೋಪುರದ ಎತ್ತರ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ ಇವೆಲ್ಲವೂ ಇರಲಿ. ಆದರೆ ಹಗ್ಗ ಹಿಡಿದು ದೂರದಲ್ಲಿ ನಿಂತವರನ್ನು ಬಿಟ್ಟು ಬರೆದ ಚರಿತ್ರೆ ಅರ್ಧ ಬಲೆಯಷ್ಟೇ. ಆದುದರಿಂದ ಸಮಿತಿಯ ಒಪ್ಪಿಗೆ ಪಡೆದು ಈ ಸಂಚಿಕೆಯ ಕೊನೆಯಲ್ಲಿ ಎರಡು ಪುಟಗಳನ್ನು ಖಾಲಿ ಬಿಡಿಸಿದ್ದೇವೆ. ಊರಿನಲ್ಲಿರುವ ತಂದೆತಾಯಿಗಳು ಅಲ್ಲಿ ದೂರವಿರುವ ತಮ್ಮ ಮಕ್ಕಳ ಹೆಸರು, ಊರು, ಕೆಲಸಗಳನ್ನು ಬರೆದು, ಪ್ರತಿಯೊಂದನ್ನು ಗುರುನಿವಾಸಕ್ಕೆ ತಲುಪಿಸಬೇಕೆಂದು ವಿನಂತಿಸುತ್ತೇವೆ. ಬರೆಯಲು ಬಾರದವರು ಬಂದು ಹೇಳಿದರೆ ಸಾಕು, ನಾವೇ ಬರೆದುಕೊಳ್ಳುತ್ತೇವೆ. ಮಲ್ಪೆಯ ಆ ಯುವಕನ ಹೆಸರನ್ನು ಮೊದಲನೆಯದಾಗಿ ಬರೆದಿಟ್ಟಿದ್ದೇವೆ.