ವಿದ್ಯುತ್ ಮಗ್ಗದ ನೇಕಾರರಲ್ಲಿ ಕಾಲು ಬಾವು: ಕಾರಣ, ಆರೈಕೆ, ತಡೆ

ದಿನವಿಡೀ ನಿಂತು ದುಡಿಯುವವರ ಪಾದ ಮತ್ತು ಹರಡು ಸಂಜೆಯ ಹೊತ್ತಿಗೆ ಊದಿಕೊಳ್ಳಲು ಮುಖ್ಯ ಕಾರಣ ಮೀನಖಂಡದ ನಿಶ್ಚಲತೆ. ಕದಲದೆ ನಿಂತಾಗ ಹರಡಿನ ಅಭಿಧಮನಿಗಳಲ್ಲಿ ರಕ್ತದ ಒತ್ತಡ ಸುಮಾರು 80–90 ಮಿ.ಮೀ. ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುವುದರಿಂದ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಒತ್ತಡ ಇಳಿಯದಿದ್ದರೆ ನೀರಿನಂಶ ರಕ್ತನಾಳದಿಂದ ಹೊರಬಂದು ಅಂಗಾಂಶದಲ್ಲಿ ತಂಗುತ್ತದೆ.

ಮಧುರೆ ಹೋಬಳಿಯನ್ನೊಳಗೊಂಡ ದೊಡ್ಡಬಳ್ಳಾಪುರ ತಾಲ್ಲೂಕು ವಿದ್ಯುತ್ ಮಗ್ಗದ ಸೀರೆಗಳಿಗೆ ಹೆಸರಾದದ್ದು. ಗುಂಡಿ ಮಗ್ಗದ ನೇಕಾರ ಕೂತು, ಕಾಲಿನಿಂದ ಹಲಗೆ ತುಳಿಯುತ್ತಿದ್ದ, ಮೀನಖಂಡಕ್ಕೆ ಕೆಲಸವಿತ್ತು. ಮೋಟಾರು ಆ ತುಳಿತವನ್ನು ತಾನೇ ವಹಿಸಿಕೊಂಡಿತು. ಈಗ ನೇಕಾರ ಎಳೆ ಕಡಿದರೆ ಗಂಟು ಹಾಕುತ್ತ, ಲಾಳಿಯ ಕಂಡಿಕೆ ಬದಲಿಸುತ್ತ ಸಿಮೆಂಟು ನೆಲದ ಮೇಲೆ ನಿಲ್ಲುತ್ತಾನೆ. ಕೈ ಬಿಡುವಿಲ್ಲದೆ ಆಡುತ್ತದೆ, ಕಾಲು ಆಡುವುದಿಲ್ಲ.

ಮೊಳಕಾಲಿನ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳನ್ನು ಕೆಲವು ಸೆಕೆಂಡು ಒತ್ತಿ ತೆಗೆದಾಗ ಗುಳಿ ಉಳಿದರೆ ನೀರು ತುಂಬಿದೆ ಎಂದರ್ಥ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ಆಗಾಗ ನಾಲ್ಕು ಹೆಜ್ಜೆ ನಡೆಯುವುದು, ರಾತ್ರಿ ಕಾಲನ್ನು ಎದೆಯ ಮಟ್ಟಕ್ಕಿಂತ ಎತ್ತರಕ್ಕಿಟ್ಟು ಮಲಗುವುದು ಬಾವನ್ನು ಇಳಿಸುತ್ತವೆ. ಒತ್ತುಕಾಲುಚೀಲವನ್ನು ಬೆಳಿಗ್ಗೆ, ಕಾಲು ಊದುವ ಮೊದಲೇ ಹಾಕಬೇಕು. ಕಾಲಿನ ಅಪಧಮನಿಗಳಲ್ಲಿ ತಡೆಯಿರುವವರಿಗೆ ಇದು ಅಪಾಯಕರವಾದ್ದರಿಂದ ವೈದ್ಯರ ಪರೀಕ್ಷೆ ಮೊದಲು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಈ ಲೆಕ್ಕದೊಳಗೇ ಬರಬೇಕು. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕಾಲು ಊದಬಹುದು, ಆದರೆ ಅದನ್ನು ತಾವಾಗಿ ನಿಲ್ಲಿಸಬಾರದು.

ಎಲ್ಲ ಬಾವೂ ನಿಂತದ್ದರಿಂದಲೇ ಬರುವುದಿಲ್ಲ. ಒಂದೇ ಕಾಲು ಹಠಾತ್ತನೆ ಊದಿ, ನೋವು, ಬಿಸಿ ಕಂಡರೆ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮುಖವೂ ಊದಿದ್ದರೆ ಮೂತ್ರಪಿಂಡದ, ಗರ್ಭಿಣಿಯರಲ್ಲಾದರೆ ರಕ್ತದೊತ್ತಡದ ಪರೀಕ್ಷೆ ಆಗಬೇಕು. ಆನೆಕಾಲು ರೋಗದ ಬಾವು ಬೇರೆಯೇ ಬಗೆಯದು. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಅದಕ್ಕೆ ಚರ್ಮದ ಶುಚಿ, ಆಯುರ್ವೇದ, ಯೋಗ ಮತ್ತು ಒತ್ತುಪಟ್ಟಿಗಳನ್ನು ಒಟ್ಟುಗೂಡಿಸಿದ ಚಿಕಿತ್ಸಾಕ್ರಮವನ್ನು ರೂಪಿಸಿದೆ.

ನಿಂತು ದುಡಿಯುವ ಕಾರ್ಮಿಕರಿಗೆ ಕೂರುವ ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಸೆಕ್ಷನ್ ವಿಧಿಸಿತು. ನಾಲ್ಕಾರು ಜನ ದುಡಿಯುವ ಮನೆಮಗ್ಗದ ಶೆಡ್ಡು ಅದರ ವ್ಯಾಪ್ತಿಗೆ ಬರಲಿಲ್ಲ. ಅಲ್ಲಿ ಮಗ್ಗದ ಪಕ್ಕಕ್ಕೊಂದು ಎತ್ತರದ ಸ್ಟೂಲು, ಕಾಲಡಿಗೊಂದು ರಬ್ಬರು ಹಾಸು ಒದಗಿಸುವ ಹೊಣೆ ಮಾಲೀಕರದೇ.